ಮೈಸೂರಿನ ವಿಧಾನಸಭಾ ಕ್ಷೇತ್ರಗಳೂ ಅವುಗಳ ಎಲ್ಲೆಗಳೂ

ಮತದಾನದ ಮಹತ್ತ್ವವನ್ನು ನಾವು ವಿದ್ಯಾರ್ಥಿಗಳಿಗೆ ವಿಸ್ತಾರವಾಗಿ ಬೋಧಿಸುತ್ತೇವೆ. ಆದರೆ ಆ ಮತವು ಯಾವ ಎಲ್ಲೆಯೊಳಗೆ ಎಣಿಕೆಯಾಗುತ್ತದೆ, ಆ ಎಲ್ಲೆ ಹೇಗೆ ನಿರ್ಧಾರವಾಗುತ್ತದೆ ಎಂಬ ವಿಚಾರವು ಪಾಠದಲ್ಲಿ ವಿರಳ. ಇದನ್ನು ಅರಿಯಲು ನಮ್ಮ ಮೈಸೂರೇ ಉತ್ತಮ ನಿದರ್ಶನ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಈ ನಗರದಲ್ಲಿಯೇ ಸಮಾವೇಶಗೊಂಡಿತು. ಆದರೆ ವಯಸ್ಕ ಮತಾಧಿಕಾರದ ಆಧಾರದ ಮೇಲೆ ಕ್ಷೇತ್ರಗಳು ರಚಿತವಾದುದು ಸಂವಿಧಾನವು ಜಾರಿಗೆ ಬಂದ ತರುವಾಯ. 1952ರಲ್ಲಿ ಅಂದಿನ ಮೈಸೂರು ರಾಜ್ಯದ ವಿಧಾನಸಭೆಗೆ 99 ಸ್ಥಾನಗಳಿದ್ದವು. ಏಕೀಕರಣದ ಫಲವಾಗಿ 1957ರಲ್ಲಿ ಅವು 208 ಆದವು. 1967ರಲ್ಲಿ 216ಕ್ಕೂ, 1978ರಲ್ಲಿ 224ಕ್ಕೂ ಏರಿದವು.

ಸ್ಥಾನಗಳ ಸಂಖ್ಯೆ ಅಲ್ಲಿಗೆ ನಿಂತಿತು. 1976ರ 42ನೆಯ ತಿದ್ದುಪಡಿಯು ಅದನ್ನು ಸ್ಥಿರಗೊಳಿಸಿತ್ತು. 2001ರ 84ನೆಯ ತಿದ್ದುಪಡಿಯು 2026ರ ಅನಂತರದ ಮೊದಲ ಜನಗಣತಿಯವರೆಗೆ ಆ ನಿರ್ಬಂಧವನ್ನು ಮುಂದುವರಿಸಿತು. ಆದರೆ ರಾಜ್ಯದೊಳಗಣ ಎಲ್ಲೆಗಳು ಸ್ಥಿರವಾಗಿ ಉಳಿಯಲಿಲ್ಲ. 2001ರ ಜನಗಣತಿಯನ್ನು ಆಧರಿಸಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗವು ನಡೆಸಿದ ಪುನರ್ವಿಂಗಡಣೆಯು 2008ರ ಚುನಾವಣೆಯಲ್ಲಿ ಜಾರಿಗೆ ಬಂದಿತು.

ನಗರದ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಕ್ಷೇತ್ರಗಳು ರಾಜಮನೆತನದ ಹೆಸರುಗಳನ್ನು ಉಳಿಸಿಕೊಂಡವು. ನಗರವನ್ನು ಸುತ್ತುವರಿದ ಚಾಮುಂಡೇಶ್ವರಿ ಕ್ಷೇತ್ರದ ಕಥೆ ಬೇರೆ. ಹೆಸರು ಉಳಿದರೂ ಅದರ ನೆಲ ಬದಲಾಯಿತು. ಮೈಸೂರು, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಭಾಗಗಳನ್ನು ಕೂಡಿಸಿ ವರುಣ ಎಂಬ ಹೊಸ ಕ್ಷೇತ್ರವನ್ನು ರಚಿಸಲಾಯಿತು. ಬನ್ನೂರು ಕ್ಷೇತ್ರವು ಇಲ್ಲವಾಯಿತು. 1983ರಲ್ಲಿ ಚಾಮುಂಡೇಶ್ವರಿಯಿಂದ ಮೊದಲ ಬಾರಿಗೆ ಆಯ್ಕೆಯಾಗಿದ್ದ ಶ್ರೀ ಸಿದ್ದರಾಮಯ್ಯನವರು 2008ರಲ್ಲಿ ವರುಣದಿಂದ ಸ್ಪರ್ಧಿಸಿ ಗೆದ್ದರು. ಅವರ ಹುಟ್ಟೂರು ಸಿದ್ದರಾಮನಹುಂಡಿಯು ಆ ಕ್ಷೇತ್ರದಲ್ಲಿದೆ. 2018ರಲ್ಲಿ ಅವರು ಚಾಮುಂಡೇಶ್ವರಿಗೆ ಮರಳಿ ಸ್ಪರ್ಧಿಸಿದಾಗ ಶ್ರೀ ಜಿ. ಟಿ. ದೇವೇಗೌಡರ ಎದುರು 36,042 ಮತಗಳಿಂದ ಪರಾಭವಗೊಂಡರು. ಹೆಸರು ಹಳೆಯದಾದರೂ ಕ್ಷೇತ್ರವು ಹಳೆಯದಾಗಿರಲಿಲ್ಲ.

ನಾಯಕರು ಕ್ಷೇತ್ರವನ್ನು ಬದಲಾಯಿಸಬಲ್ಲರು. ಸಾಮಾನ್ಯ ಮತದಾರನಿಗೆ ಆ ಅವಕಾಶವಿಲ್ಲ. ವರುಣವು ಲೋಕಸಭೆಗೆ ಚಾಮರಾಜನಗರ ಕ್ಷೇತ್ರಕ್ಕೆ ಸೇರಿದೆ. ಆದಕಾರಣ ಮೈಸೂರು ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸುವ ವರುಣದ ರೈತನು ಚಾಮರಾಜನಗರದ ಸಂಸದರನ್ನು ಆರಿಸುತ್ತಾನೆ. ಆಡಳಿತದ ಎಲ್ಲೆಯೂ ಪ್ರಾತಿನಿಧ್ಯದ ಎಲ್ಲೆಯೂ ಒಂದೇ ಅಲ್ಲವೆಂಬುದನ್ನು ಅರಿಯದವನು ತನ್ನ ಅಹವಾಲನ್ನು ಯಾರ ಮುಂದೆ ಇಡಬೇಕೆಂದು ತಿಳಿಯದೆ ಅಲೆಯುತ್ತಾನೆ.

ಕ್ಷೇತ್ರಗಳ ಜನಸಂಖ್ಯೆಯು ಸಾಧ್ಯವಾದಷ್ಟು ಸಮವಾಗಿರಬೇಕೆಂಬುದು ಸಂವಿಧಾನದ 170ನೆಯ ವಿಧಿಯ ಆಶಯ. ನಗರವು ಬೆಳೆದಂತೆ ಎಲ್ಲೆಗಳು ಸರಿಯುವುದು ಅನಿವಾರ್ಯ. ಪುನರ್ವಿಂಗಡಣೆಯ ಕರಡು ಪ್ರಕಟವಾದಾಗ ಆಕ್ಷೇಪ, ಸಲಹೆಗಳನ್ನು ಸಲ್ಲಿಸಲು ಸಾರ್ವಜನಿಕರಿಗೆ ಅವಕಾಶವುಂಟು. ಆ ಕರಡನ್ನು ಓದಬಲ್ಲ, ತನ್ನ ಊರನ್ನು ನಕ್ಷೆಯಲ್ಲಿ ಗುರುತಿಸಬಲ್ಲ ಪೌರರನ್ನು ರೂಪಿಸುವುದು ಶಾಲೆಗಳ ಹೊಣೆ. ಪ್ರೌಢಶಾಲೆಯ ಪೌರನೀತಿ ಪಾಠವು ಇಂತಹ ಒಂದು ನಕ್ಷೆಯಿಂದಲೇ ಆರಂಭವಾಗಲಿ.