ಮುರಿದ ಎಲುಬು ಕೂಡಿಸಿದರೆ ಸಾಲದು

ಬಚ್ಚಲಲ್ಲಿ ಜಾರಿ ಟೊಂಕದ ಎಲುಬು ಮುರಿದುಕೊಂಡ ಆಯಿಯನ್ನು ಝಳಕಿಯಿಂದ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಒಯ್ದು ಆಪರೇಷನ್ ಮಾಡಿಸುತ್ತಾರೆ. ಎಲುಬು ಟೊಳ್ಳಾದ ರೋಗ, ಅಂದರೆ ಆಸ್ಟಿಯೊಪೊರೋಸಿಸ್, ಬಹಳ ಸಲ ಹಾಗೆಯೇ ಉಳಿಯುತ್ತದೆ. ಮತ್ತೊಂದು ಎಲುಬು ಮುರಿಯುವ ಅಪಾಯ ಮುಂದಿನ ಎರಡು ವರ್ಷಗಳಲ್ಲೇ ಹೆಚ್ಚು. ಈ ಭಾಗದ ದವಾಖಾನೆಗೆ ಹೊಸದಾಗಿ ಬಂದ ವೈದ್ಯರು, ನರ್ಸುಗಳು ಹೀಗೆ ಶುರು ಮಾಡಬಹುದು.

ಹಂತ 1: ಕೇಳಿ, ಅಳೆಯಿರಿ

ನಿಂತಲ್ಲೇ ಬಿದ್ದು ಟೊಂಕ ಅಥವಾ ಬೆನ್ನೆಲುಬು ಮುರಿದಿದ್ದು, ಕ್ಯಾನ್ಸರ್, ಕ್ಷಯದಂಥ ಬೇರೆ ಕಾರಣ ಇಲ್ಲದಿದ್ದರೆ ರೋಗ ಪತ್ತೆಯಾಯಿತು, ಸ್ಕ್ಯಾನ್ ಯಂತ್ರಕ್ಕಾಗಿ ಕಾಯಬೇಡಿ. ಉಳಿದವರನ್ನು ಹಿಮ್ಮಡಿ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ. ತಲೆಯ ಹಿಂಭಾಗ ಗೋಡೆ ಮುಟ್ಟದಿದ್ದರೆ, ಇಲ್ಲವೇ ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಿ.

ಎರಡು ಪ್ರಶ್ನೆ ಬಿಡಬಾರದು. ಎಳೆ ವಯಸ್ಸಿನಲ್ಲೇ ಗರ್ಭಚೀಲ ತೆಗೆಸಿದ್ದಾರೆಯೇ, ಅದರ ಜೊತೆ ಅಂಡಾಶಯವೂ ಹೋಯಿತೇ? ಕೀಲುನೋವಿಗೆಂದು ಹೆಸರಿಲ್ಲದ ಗುಳಿಗೆ ನುಂಗುತ್ತಿದ್ದಾರೆಯೇ? ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಮೂರು ತಿಂಗಳಲ್ಲೇ ಅದು ಎಲುಬು ಕೆಡಿಸುತ್ತದೆ. ಆದರೂ ಒಮ್ಮೆಲೇ ನಿಲ್ಲಿಸಬೇಡಿ, ನಿಧಾನವಾಗಿ ಇಳಿಸಿ.

ಹಂತ 2: ಪರೀಕ್ಷೆ

ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ -2.5 ಅಥವಾ ಅದಕ್ಕೂ ಕೆಳಗಿದ್ದರೆ ರೋಗ ಇದೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆ ಇದು. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರು ಕುಡಿದವರ ಎಲುಬು ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಸುಲಭಕ್ಕೆ ಮುರಿದೀತು.

ರಕ್ತದಲ್ಲಿ ಕ್ಯಾಲ್ಸಿಯಂ, ಕ್ರಿಯಾಟಿನಿನ್, ವಿಟಮಿನ್ ಡಿ, ಥೈರಾಯ್ಡ್ ನೋಡಿ. ಬಿಸಿಲ ನಾಡೆಂದು ವಿಟಮಿನ್ ಡಿ ಬಗ್ಗೆ ನಿರಾಳವಾಗಬೇಡಿ. ಮನೆಯೊಳಗೇ ಇರುವ ಹಿರಿಯರಲ್ಲಿ ಕೊರತೆ ಸಾಮಾನ್ಯ.

ಹಂತ 3: ಮದ್ದು

ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಪಡಿಸಿ. ಆಮೇಲೆ ಅಲೆಂಡ್ರೊನೇಟ್ 70 ಮಿ.ಗ್ರಾಂ., ವಾರಕ್ಕೊಂದು ಗುಳಿಗೆ. ಬರೀ ಹೊಟ್ಟೆಯಲ್ಲಿ, ಒಂದು ಗ್ಲಾಸ್ ಬರೀ ನೀರಿನೊಂದಿಗೆ. ಚಹಾ, ಹಾಲು ಕೂಡದು. ನುಂಗಿ ಅರ್ಧ ತಾಸು ಮಲಗಬಾರದು, ಅನ್ನನಾಳ ಹುಣ್ಣಾಗುತ್ತದೆ. ಸಂತೆಯ ದಿನ ಗೊತ್ತು ಮಾಡಿಕೊಟ್ಟರೆ ಮರೆಯುವುದಿಲ್ಲ. ಐದು ವರ್ಷಕ್ಕೆ ಮರುಪರಿಶೀಲನೆ. ನುಂಗಲಾಗದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ. ರಕ್ತನಾಳಕ್ಕೆ ಕೊಡಬಹುದು. ಮೂತ್ರಪಿಂಡ ತೀರ ದುರ್ಬಲವಾಗಿದ್ದರೆ ಇವೆರಡೂ ಬೇಡ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದು ಶುರು ಮಾಡಿದರೆ ತಪ್ಪಿಸುವಂತಿಲ್ಲ. ನಡುವೆ ಬಿಟ್ಟವರಲ್ಲಿ ಬೆನ್ನೆಲುಬು ಒಂದರ ಮೇಲೊಂದು ಕುಸಿದದ್ದುಂಟು.

ಹಂತ 4: ಊಟ, ಮನೆ

ಮುಟ್ಟು ನಿಂತ ಹೆಣ್ಣುಮಕ್ಕಳಿಗೆ ದಿನಕ್ಕೆ 1,200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ನಮ್ಮ ಜೋಳದಲ್ಲಿ ಅದು ಬಲು ಕಡಿಮೆ, 100 ಗ್ರಾಂಗೆ ಸುಮಾರು 30 ಮಿ.ಗ್ರಾಂ. ಸಿಪ್ಪೆಯಿರುವ ಎಳ್ಳಿನ 10 ಗ್ರಾಂನಲ್ಲೇ 100 ಮಿ.ಗ್ರಾಂ.ಗಿಂತ ಹೆಚ್ಚಿದೆ. ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿಯುವ ಸಜ್ಜಿ ರೊಟ್ಟಿ ವರ್ಷವಿಡೀ ಇರಲಿ, ಜೊತೆಗೆ ಮೊಸರು, ನುಗ್ಗೆಸೊಪ್ಪು.

ತುಂಬಿದ ಕೊಡವನ್ನು ಬಾಗಿ ಎತ್ತದಂತೆ ಹೇಳಿ. ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸಿ. ಮನೆಯವರೇ, ಬಚ್ಚಲ ಗೋಡೆಗೊಂದು ಹಿಡಿಕೆ, ರಾತ್ರಿ ಎದ್ದು ಹೋಗುವ ದಾರಿಗೊಂದು ದೀಪ ಈ ವಾರವೇ ಹಾಕಿಸಿ.