ಏಳೂವರೆ ನಾಟಕಕ್ಕೆ ಏಳಕ್ಕೇ ಬನ್ನಿ

ಕೈಯಲ್ಲಿ ಟಿಕೆಟ್, ಬಾಯಲ್ಲಿ ಟ್ರಾಫಿಕ್ಕಿನ ನೆಪ, ಎದುರಿಗೆ ಮುಚ್ಚಿದ ಬಾಗಿಲು. ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರಕ್ಕೆ ಹೊಸದಾಗಿ ಹೋಗುವವರು ಎಡವುವುದು ಇಲ್ಲೇ. ನಟ, ನಿರ್ದೇಶಕ ಶಂಕರ್‌ನಾಗ್ ನೆನಪಿನಲ್ಲಿ 2004ರಲ್ಲಿ ಶುರುವಾದ ಈ ರಂಗಮಂದಿರ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ನಿಂತ ಹುಡುಗರ ಜೊತೆ ವಾದಕ್ಕಿಳಿದು ಉಪಯೋಗವಿಲ್ಲ.

ಇದು ಗರ್ವವಲ್ಲ. ಅಲ್ಲಿ ಪ್ರೇಕ್ಷಕರು ರಂಗವನ್ನು ಮೂರು ಕಡೆಯಿಂದ ಸುತ್ತುವರಿದು ಕೂರುತ್ತಾರೆ. ಮುಂದಿನ ಸಾಲಿಗೂ ನಟರಿಗೂ ನಡುವೆ ನಾಲ್ಕು ಹೆಜ್ಜೆ. ಕತ್ತಲಲ್ಲಿ ಸೀಟು ಹುಡುಕುವವರ ಮೊಬೈಲ್ ಬೆಳಕು ಪಕ್ಕದವರಿಗಷ್ಟೇ ಅಲ್ಲ, ನಟರ ಕಣ್ಣಿಗೂ ಹೊಡೆಯುತ್ತದೆ. ಸಿನಿಮಾ ನಾಯಕನಿಗೆ ನಿಮ್ಮ ರಿಂಗ್‌ಟೋನ್ ಕೇಳಿಸದು, ಇವರಿಗೆ ಕೇಳಿಸುತ್ತದೆ.

ಹಾಗಾಗಿ ಅರ್ಧ ಗಂಟೆ ಮೊದಲೇ ಹೋಗಿ. ಅಲ್ಲಿನ ಕೆಫೆಯಲ್ಲೇ ತಿಂಡಿ ಮುಗಿಸಿ; ಚಿಪ್ಸ್ ಪೊಟ್ಟಣದ ಪರಪರ ಸದ್ದು ಹೊರಗೇ ಇರಲಿ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ಪೂರ್ತಿ ಆಫ್ ಮಾಡಿ. ಫೋಟೊ, ರೆಕಾರ್ಡಿಂಗ್ ಬೇಡವೇ ಬೇಡ. (ಕೆಮ್ಮು ಬಂದರೆ ಯಾರೂ ಬಯ್ಯುವುದಿಲ್ಲ, ಹೆದರಬೇಡಿ.)

ಪುಟ್ಟ ಮಕ್ಕಳಿದ್ದಾರೆಯೇ? ವಯಸ್ಸಿನ ಮಿತಿ ಏನೆಂದು ಟಿಕೆಟ್ ಕೊಳ್ಳುವ ಮುನ್ನವೇ ವಿಚಾರಿಸಿಕೊಳ್ಳಿ.