ಇಬ್ಬರಿಗೆ ಒಂದು ಹಡಗು: ಅರವತ್ತು ದಾಟಿದವರಿಗೆ ಕ್ರೂಸ್ ಸೂತ್ರಗಳು

ಚಳಿಗಾಲ ಬಂತೆಂದರೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಇಳಿದವರು ಬಸ್ಸು ಹತ್ತಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೋ ಕಾರ್ಕಳದ ಗೊಮ್ಮಟನಲ್ಲಿಗೋ ಹೋಗುತ್ತಾರೆ. ಅವರಲ್ಲಿ ತಲೆ ನರೆತ ಜೋಡಿಗಳೇ ಹೆಚ್ಚು. ದಿನಾ ಪೆಟ್ಟಿಗೆ ಕಟ್ಟುವ ತಾಪತ್ರಯವಿಲ್ಲ, ಮಲಗಿದ ಕೋಣೆಯಲ್ಲೇ ಬೆಳಗಾದರೆ ಹೊಸ ಊರು. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ಪ್ರವಾಸವಿಲ್ಲ ಅಂತ ಅವರನ್ನು ನೋಡಿಯೇ ನನಗೆ ಅನಿಸಿದ್ದು. ಆಮೇಲೆ ನಾನೂ ನಮ್ಮ ಯಜಮಾನರೂ ಎರಡು ಸಲ ಹೋಗಿಬಂದೆವು. ಮೊದಲ ಸಲದ ಹಡಗು ನಮಗೆ ಹೇಳಿದ್ದಲ್ಲ, ಎರಡನೆಯದು ನಮಗೆಂದೇ ಕಟ್ಟಿದಂತಿತ್ತು. ಆ ಎರಡು ಯಾನಗಳ ನಡುವೆ ಕಲಿತದ್ದು ಇಲ್ಲಿದೆ.

1. ಮೊದಲು ನಿಮ್ಮ ದಿನಚರಿ ಬರೆಯಿರಿ
ಕಂಪನಿಗಳ ಬಣ್ಣದ ಪುಸ್ತಕ ಆಮೇಲೆ ನೋಡಿದರಾಯಿತು. ಎಷ್ಟು ಹೊತ್ತಿಗೆ ಏಳುತ್ತೀರಿ, ಕೂರದೆ ಎಷ್ಟು ನಿಮಿಷ ನಡೆಯಬಲ್ಲಿರಿ, ರಾತ್ರಿ ಎಷ್ಟು ಸಲ ಬಚ್ಚಲಿಗೆ ಹೋಗುತ್ತೀರಿ, ಏನು ತಿನ್ನುವುದಿಲ್ಲ ಎಂಬುದನ್ನೆಲ್ಲ ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಬರೆಯಿರಿ. ಇಬ್ಬರಲ್ಲಿ ಯಾರಿಗೆ ಕಷ್ಟ ಹೆಚ್ಚೋ ಅವರ ಕಾಗದಕ್ಕೆ ಹೊಂದುವ ಹಡಗನ್ನೇ ಹುಡುಕಿ. ಮಕ್ಕಳು ಪ್ರೀತಿಯಿಂದ ಅತಿ ದೊಡ್ಡ, ಅತಿ ಹೊಸ ಹಡಗಿಗೆ ಟಿಕೆಟ್ ಮಾಡಿಸಿಬಿಡುತ್ತಾರೆ. ಟಿಕೆಟ್ ಅವರು ಮಾಡಿಸಲಿ, ಆಯ್ಕೆಯನ್ನು ಮಾತ್ರ ಬಿಟ್ಟುಕೊಡಬೇಡಿ.

2. ದೊಡ್ಡ ಹಡಗೆಂದರೆ ದೊಡ್ಡ ನಡಿಗೆ
2024ರಲ್ಲಿ ಮೊದಲ ಯಾನ ಹೊರಟ ಐಕಾನ್ ಆಫ್ ದಿ ಸೀಸ್ ಹಡಗಿಗೆ 20 ಡೆಕ್‌ಗಳಿವೆ. ಕ್ಯಾಬಿನ್‌ಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು. ಮೊಮ್ಮಕ್ಕಳ ಜೊತೆ ಹೋಗುವುದಾದರೆ ಅದು ಜಾತ್ರೆಯ ಸಂಭ್ರಮ, ಇಬ್ಬರೇ ಹೋಗುವುದಾದರೆ ದಣಿವು. ನಮ್ಮ ಮೊದಲ ಹಡಗಿನಲ್ಲಿ ಕ್ಯಾಬಿನ್ ಒಂದು ತುದಿಗೆ, ಊಟದ ಮನೆ ಇನ್ನೊಂದು ತುದಿಗೆ. ಮೂರನೆಯ ದಿನದಿಂದ ಇವರು ರಾತ್ರಿಯ ಊಟಕ್ಕೇ ಬರಲಿಲ್ಲ, ನಾನು ತಟ್ಟೆಯಲ್ಲಿ ಹಣ್ಣು ತಂದುಕೊಡುತ್ತಿದ್ದೆ. ನನ್ನ ಅನುಭವದಲ್ಲಿ 900ರಿಂದ 2,000 ಜನರ ಹಡಗು ನಮ್ಮ ವಯಸ್ಸಿಗೆ ಹಿತ.

ಜನಜಂಗುಳಿಯನ್ನು ಅಳೆಯಲು ಒಂದು ಸುಲಭದ ಲೆಕ್ಕವಿದೆ. ಹಡಗಿನ ಒಟ್ಟು ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ವೈಕಿಂಗ್ ಕಂಪನಿಯ ಸುಮಾರು 47,800 ಟನ್ನಿನ, 930 ಜನರ ಹಡಗಿಗೆ 51 ಬರುತ್ತದೆ. ಹಾಲೆಂಡ್ ಅಮೆರಿಕದ ಸುಮಾರು 61,000 ಟನ್ನಿನ, 1,432 ಜನರ ಜಾಂಡಮ್‌ಗೆ 43ರ ಆಸುಪಾಸು. ನಲವತ್ತು ದಾಟಿದರೆ ಉಸಿರಾಡಲು ಜಾಗವಿದೆ, ಮೂವತ್ತಕ್ಕಿಂತ ಇಳಿದರೆ ಬಫೆಯಲ್ಲೂ ಲಿಫ್ಟಿನಲ್ಲೂ ಸರದಿ ನಿಲ್ಲಲು ಸಿದ್ಧರಾಗಿ. ಐಕಾನ್‌ಗೂ 44 ಬರುತ್ತದೆ, ಹಾಗಾಗಿ ಈ ಲೆಕ್ಕ ಗುಂಪನ್ನಷ್ಟೇ ಹೇಳುತ್ತದೆ. ನಡಿಗೆಯ ದೂರ ತಿಳಿಯಬೇಕಾದರೆ ಡೆಕ್ ನಕ್ಷೆಯನ್ನೇ ಬಿಡಿಸಿ ನೋಡಬೇಕು.

3. ಕಂಪನಿಯ ಸ್ವಭಾವ ತಿಳಿಯಿರಿ
ವೈಕಿಂಗ್‌ನ ಸಮುದ್ರಯಾನದ ಹಡಗುಗಳಿಗೆ 18 ತುಂಬದವರಿಗೆ ಪ್ರವೇಶವಿಲ್ಲ, ಕ್ಯಾಸಿನೊ ಕೂಡ ಇಲ್ಲ. ಮಗಳು ಇಂಗ್ಲೆಂಡಿನಲ್ಲಿದ್ದರೆ, ಐವತ್ತು ದಾಟಿದವರಿಗೆಂದೇ ಇರುವ ಸಾಗಾ ಕಂಪನಿಯನ್ನೂ ಪಿ ಅಂಡ್ ಓ ಕ್ರೂಸಸ್‌ನ ವಯಸ್ಕರ ಹಡಗುಗಳಾದ ಅರ್ಕೇಡಿಯಾ, ಅರೋರಾಗಳನ್ನೂ ವಿಚಾರಿಸಿ. 1873ರಲ್ಲಿ ಶುರುವಾದ ಹಾಲೆಂಡ್ ಅಮೆರಿಕದಲ್ಲಿ ಹಿರಿಯರೇ ಹೆಚ್ಚು. ಸಂಜೆ ಸಂಗೀತ ಕೇಳಿ ಬೇಗ ಮಲಗುವವರಿಗೆ ಅದು ಹೊಂದುತ್ತದೆ. ಸಿಂಗಪುರದಿಂದ ಹೊರಡುವ ಗೆಂಟಿಂಗ್ ಡ್ರೀಮ್‌ನಲ್ಲಿ ಭಾರತೀಯ ಅಡುಗೆ ಸಿಗುತ್ತದೆ. ಆದರೆ ಶಾಲೆಗಳ ರಜೆಯ ವಾರಗಳಲ್ಲಿ ಮಕ್ಕಳಿಗೆ ಪ್ರವೇಶವಿರುವ ಯಾವ ಹಡಗಿನಲ್ಲೇ ಆದರೂ ಗಲಾಟೆ ಇದ್ದದ್ದೇ, ಆ ದಿನಾಂಕಗಳನ್ನು ಬಿಡಿ.

4. ಹಡಗಿನ ಹೆಸರು ಕೇಳದೆ ಮುಂಗಡ ಕೊಡಬೇಡಿ
ಒಂದೇ ಕಂಪನಿಯಲ್ಲಿ ಇಪ್ಪತ್ತೈದು ವರ್ಷ ಹಳೆಯ ಹಡಗೂ ಇರುತ್ತದೆ, ನಿನ್ನೆ ಮೊನ್ನೆಯದೂ ಇರುತ್ತದೆ. ಕಟ್ಟಿದ ವರ್ಷ, ಕೊನೆಯ ನವೀಕರಣದ ವರ್ಷ ಎರಡನ್ನೂ ಕೇಳಿ.

5. ಶಾಂತವಾದ ನೀರಿನ ದಾರಿ ಆರಿಸಿ
ಮಗ ಸೊಸೆ ಸಿಯಾಟಲ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಎಷ್ಟೋ ಕನ್ನಡದ ಅಪ್ಪ ಅಮ್ಮಂದಿರ ಮೊದಲ ಕ್ರೂಸ್ ಅಲಾಸ್ಕಾದ್ದೇ. ನಮ್ಮ ಎರಡನೆಯದೂ ಅದೇ. ಇಲ್ಲಿ ಒಂದು ಸೂಕ್ಷ್ಮವಿದೆ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯಿಂದ, ತೆರೆದ ಪೆಸಿಫಿಕ್ ಸಾಗರದಲ್ಲಿ ಹೋಗುತ್ತವೆ. ಅಲ್ಲಿ ಹೊಯ್ದಾಟ ಹೆಚ್ಚು. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಡುವವು ದ್ವೀಪಗಳ ಮರೆಯಲ್ಲಿರುವ ಒಳದಾರಿ ಹಿಡಿಯುತ್ತವೆ. ಎರಡೂ ಕಡೆ ಕಾಡು ತುಂಬಿದ ಗುಡ್ಡ, ನಡುವೆ ಶರಾವತಿಯ ಹಿನ್ನೀರಿನಂಥ ನೀರು. ತಲೆಸುತ್ತಿನವರು ಒಂದು ದಿನದ ಪ್ರಯಾಣ ಹೆಚ್ಚಾದರೂ ವ್ಯಾಂಕೂವರ್‌ನಿಂದಲೇ ಹೊರಡಲಿ.

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಹೆಚ್ಚೆಂದರೆ ಎರಡೇ ಕ್ರೂಸ್ ಹಡಗುಗಳಿಗೆ ಅನುಮತಿ. ನಿಮ್ಮ ಹಡಗು ಆ ಪಟ್ಟಿಯಲ್ಲಿದೆಯೇ ನೋಡಿ, ಏಕೆಂದರೆ ಅಲ್ಲಿ ಕುಳಿತಲ್ಲಿಂದಲೇ ಎಲ್ಲ ಕಾಣುತ್ತದೆ. ಸ್ಕ್ಯಾಗ್ವೆ ಬಂದರಿನಲ್ಲಿ 1898ರಿಂದ 1900ರ ನಡುವೆ ಕಟ್ಟಿದ ವೈಟ್ ಪಾಸ್ ರೈಲು ಕಣಿವೆಯ ಅಂಚಿನಲ್ಲಿ ಬೆಟ್ಟ ಏರುತ್ತದೆ, ನಡೆಯಲಾಗದವರಿಗೆ ಅದಕ್ಕಿಂತ ಒಳ್ಳೆಯ ಸುತ್ತಾಟವಿಲ್ಲ. ಕೆಚಿಕನ್ ಊರಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ. ಕರಾವಳಿಯವರಿಗೆ ಅದೇನೂ ಹೊಸತಲ್ಲವಾದರೂ ಜಾರದ ಚಪ್ಪಲಿ ಇಟ್ಟುಕೊಳ್ಳಿ.

6. ಅಲಾಸ್ಕಾಕ್ಕೆ ಎರಡು ವೀಸಾ, ಎರಡೂ ಕೈಯಲ್ಲಿ
ಅಮೆರಿಕದ 1886ರ ಕಾನೂನೊಂದರ ಪ್ರಕಾರ ವಿದೇಶಿ ನೋಂದಣಿಯ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೂ ನಡುವೆ ಒಂದು ವಿದೇಶಿ ಬಂದರಿಗೆ ಹೋಗಬೇಕು. ಸಿಯಾಟಲ್‌ನ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದು ಇದಕ್ಕೇ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆನಡಾದ ವೀಸಾ ಬೇಕು, ಅಮೆರಿಕದ ವೀಸಾ ಹಲವು ಸಲ ಪ್ರವೇಶ ಕೊಡುವಂಥದ್ದಾಗಿರಬೇಕು. ವೀಸಾ ಕೈಗೆ ಬರುವ ಮೊದಲು ವಾಪಸ್ ಬಾರದ ಹಣ ಕಟ್ಟಬೇಡಿ.

7. ಧಕ್ಕೆಯೋ ದೋಣಿಯೋ ವಿಚಾರಿಸಿ
ಎಲ್ಲ ಬಂದರಿನಲ್ಲೂ ಹಡಗು ಧಕ್ಕೆಗೆ ತಾಗಿ ನಿಲ್ಲುವುದಿಲ್ಲ. ಗ್ರೀಸಿನ ಸಂಟೊರಿನಿಯಲ್ಲಿ, ನಮ್ಮ ಲಕ್ಷದ್ವೀಪದಲ್ಲಿ ಕಡಲಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಅಲೆಗೆ ದೋಣಿ ಏರಿಳಿಯುವಾಗ ಕಾಲಿಡುವುದು ಮಂಡಿಗೆ ಕಠಿಣ, ಗಾಲಿಕುರ್ಚಿಯವರಿಗೆ ಇನ್ನೂ ಕಠಿಣ. ಏಳು ದಿನದ ಯಾನದಲ್ಲಿ ಇಂಥ ಬಂದರು ಎರಡಿದ್ದರೆ ಬೇರೆ ದಾರಿ ನೋಡಿ.

8. ಕ್ಯಾಬಿನ್ ಸಂಖ್ಯೆಯನ್ನು ನೀವೇ ಗುರುತಿಸಿ
ಕಡಿಮೆ ಬೆಲೆಗೆ ಕೊಡುವಾಗ ‘ಯಾವ ಕ್ಯಾಬಿನ್ ಎಂದು ನಾವೇ ತೀರ್ಮಾನಿಸುತ್ತೇವೆ’ ಅನ್ನುತ್ತಾರೆ. ಒಪ್ಪಬೇಡಿ. ಹಡಗು ಏತದ ಮರವಿದ್ದಂತೆ, ನಡು ಹೆಚ್ಚು ಅಲುಗುವುದಿಲ್ಲ, ತುದಿಗಳು ಏರಿ ಇಳಿಯುತ್ತವೆ. ಆದ್ದರಿಂದ ನಡುಭಾಗದ, ಕೆಳಗಿನ ಡೆಕ್ಕಿನ ಕ್ಯಾಬಿನ್ ಕೇಳಿ. ಲಿಫ್ಟಿಗೆ ಹತ್ತಿರವಿರಲಿ, ಎದುರಿಗೇ ಬೇಡ. ಮೇಲೂ ಕೆಳಗೂ ಬೇರೆ ಕ್ಯಾಬಿನ್‌ಗಳೇ ಇದ್ದರೆ ನಿದ್ದೆ ಬರುತ್ತದೆ. ನಮ್ಮ ಮೊದಲ ಕ್ಯಾಬಿನ್ನಿನ ಮೇಲೆ ಈಜುಕೊಳವಿತ್ತು, ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೇ ಎಚ್ಚರ.

ಬಚ್ಚಲಿನ ಬಗ್ಗೆ ಯಾರೂ ಕೇಳುವುದಿಲ್ಲ, ಬೀಳುವುದು ಮಾತ್ರ ಅಲ್ಲೇ. ಹೊಸ್ತಿಲು ಎಷ್ಟು ಎತ್ತರ, ಹಿಡಿಕೆ ಇದೆಯೇ, ಟಬ್ಬಿನೊಳಗೆ ಕಾಲೆತ್ತಿಟ್ಟು ಸ್ನಾನ ಮಾಡಬೇಕೇ ಅಥವಾ ನೇರ ನಡೆದುಹೋಗುವ ಷವರ್ ಇದೆಯೇ ಕೇಳಿ. ಅಂಗವಿಕಲರಿಗೆ ಅನುಕೂಲವಾಗಿ ಕಟ್ಟಿದ ಕ್ಯಾಬಿನ್‌ಗಳು ಬೆರಳೆಣಿಕೆಯಷ್ಟೇ ಇರುತ್ತವೆ, ಅಂಥದ್ದು ನಿಜವಾಗಿ ಬೇಕಿದ್ದವರು ವರ್ಷ ಮೊದಲೇ ಹಿಡಿಯಬೇಕು. ಹಣ ಎಲ್ಲಾದರೂ ಹೆಚ್ಚು ಹಾಕುವುದಿದ್ದರೆ ಬಾಲ್ಕನಿಗೆ ಹಾಕಿ.

9. ಊಟದ ಮಾತನ್ನು ಬರಹದಲ್ಲಿ ಪಡೆಯಿರಿ
‘ವೆಜಿಟೇರಿಯನ್’ ಅಂದರೆ ಸಾಲದು, ಮೊಟ್ಟೆ ಮೀನೂ ಬೇಡವೆಂದು ಬಿಡಿಸಿ ಹೇಳಿ ಎರಡು ತಿಂಗಳ ಮೊದಲೇ ಬರೆದು ತಿಳಿಸಿ. ಹತ್ತಿದ ಮೊದಲ ಸಂಜೆಯೇ ಊಟದ ಮನೆಯ ಮುಖ್ಯಸ್ಥರನ್ನು ಕಾಣಿ. ಹೆಚ್ಚಿನ ಹಡಗುಗಳಲ್ಲಿ ಹಿಂದಿನ ರಾತ್ರಿ ಹೇಳಿದರೆ ಮರುದಿನಕ್ಕೆ ಅನ್ನ, ಬೇಳೆ, ಪಲ್ಯ ಮಾಡಿಕೊಡುತ್ತಾರೆ. ನಮಗೆ ಮಾಡಿಕೊಟ್ಟ ಬಾಣಸಿಗರು ಗೋವಾದವರು, ತಿಳಿಸಾರು ಕೂಡ ಬಂತು. ಕೆಟಲ್, ಇಸ್ತ್ರಿಪೆಟ್ಟಿಗೆ ಒಳಗೆ ಬಿಡುವುದಿಲ್ಲ. ಅಂಗಡಿಯ ಮುದ್ರೆಯಿರುವ ಚಟ್ನಿಪುಡಿಯ ಪೊಟ್ಟಣ ಸಾಕು.

10. ಮಾತ್ರೆ ಕೈಚೀಲದಲ್ಲಿ, ವಿಮೆ ಸಮುದ್ರಕ್ಕೂ
ಬಂದರಿನಲ್ಲಿ ಕೊಟ್ಟ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದು ಸಂಜೆಯಾಗಬಹುದು, ಹಾಗಾಗಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಮ್ಮ ಬಳಿಯೇ ಇರಲಿ. ಇನ್ಸುಲಿನ್ ಇದ್ದರೆ ವೈದ್ಯಕೀಯ ಫ್ರಿಜ್ ಬೇಕೆಂದು ಮೊದಲೇ ಹೇಳಿ, ಕ್ಯಾಬಿನ್ನಿನ ಸಣ್ಣ ಫ್ರಿಜ್ ಎಷ್ಟೋ ಸಲ ಸಾಕಷ್ಟು ತಣ್ಣಗಿರುವುದಿಲ್ಲ. ಹಡಗಿನಲ್ಲಿ ವೈದ್ಯರಿರುತ್ತಾರೆ, ಶುಲ್ಕ ಡಾಲರಿನಲ್ಲಿ. ದೊಡ್ಡ ತೊಂದರೆಯಾದರೆ ದಡದ ಆಸ್ಪತ್ರೆಗೇ ಸಾಗಿಸಬೇಕು. ವಿಮೆಯಲ್ಲಿ ಕ್ರೂಸ್, ಹೆಲಿಕಾಪ್ಟರ್ ಸಾಗಣೆ, ಮೊದಲೇ ಇದ್ದ ಕಾಯಿಲೆ ಮೂರೂ ಸೇರಿವೆಯೇ ಎಂದು ಸಾಲು ಸಾಲಾಗಿ ಓದಿ. ವಾಂತಿ ತಡೆಯುವ ಕೆಲವು ಔಷಧಿಗಳಿಂದ ಹಿರಿಯರಿಗೆ ಮಂಪರು, ಗಲಿಬಿಲಿ, ಮೂತ್ರ ಕಟ್ಟುವುದು ಆಗಬಹುದು. ನಿಮ್ಮ ಡಾಕ್ಟರರನ್ನು ಕೇಳದೆ ತೆಗೆದುಕೊಳ್ಳಬೇಡಿ. ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಹಡಗಿನಲ್ಲಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಜರ್ ಅಷ್ಟಾಗಿ ನಾಟುವುದಿಲ್ಲ.

11. ಕೊನೆಯ ಮೊತ್ತ ಕೇಳಿ
ಟಿಕೆಟ್ ಬೆಲೆಯ ಮೇಲೆ ಬಂದರು ತೆರಿಗೆ, ದಿನಕ್ಕೆ ತಲೆಗಿಷ್ಟು ಟಿಪ್ಸ್, ವೈಫೈ, ಸುತ್ತಾಟ ಎಲ್ಲ ಸೇರುತ್ತವೆ. ಕುಡಿಯದವರು ಪಾನೀಯದ ಪ್ಯಾಕೇಜ್ ಕೊಳ್ಳಬೇಡಿ. ಕೆಲವು ಕಂಪನಿಗಳಲ್ಲಿ ಒಬ್ಬರು ಕೊಂಡರೆ ಕ್ಯಾಬಿನ್ನಿನ ಇನ್ನೊಬ್ಬರೂ ಕೊಳ್ಳಲೇಬೇಕು.

12. ಮೊದಲು ಹತ್ತಿರದಲ್ಲಿ ಪರೀಕ್ಷಿಸಿ
ಸಮುದ್ರ ಒಗ್ಗುತ್ತದೆಯೇ ಎಂಬ ಅನುಮಾನವಿದ್ದರೆ ಲಕ್ಷಗಟ್ಟಲೆ ಹಾಕುವ ಮೊದಲು ಎರಡು ಮೂರು ರಾತ್ರಿಯ ಯಾನ ಮಾಡಿ. 2021ರಿಂದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಮುಂಬೈಯಿಂದ ಗೋವಾ ಕಡೆಗೆ ಹೋಗುತ್ತದೆ. 1990ರ ಹಡಗು, ಅಳತೆಯಲ್ಲಿ ಸಣ್ಣದು, ಜೈನ ಅಡುಗೆಯೂ ಉಂಟು. ವಾರದ ನಡುವಿನ ದಿನ ಆರಿಸಿ, ವಾರಾಂತ್ಯದ ಸಣ್ಣ ಯಾನಗಳಿಗೆ ಎಲ್ಲೆಡೆ ಪಾರ್ಟಿಯ ಗುಂಪೇ ಬರುತ್ತದೆ. ಅರಬ್ಬಿ ಸಮುದ್ರಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವ ಯೋಚನೆಯೇ ಬೇಡ.

13. ಬಂದರುಗಳನ್ನು ಎಣಿಸಿ ಮರುಳಾಗಬೇಡಿ
ಏಳು ದಿನಕ್ಕೆ ಆರು ಬಂದರು ತೋರಿಸುವ ಯಾನಕ್ಕಿಂತ ಮೂರು ಬಂದರು, ಮೂರು ದಿನ ಬರೀ ನೀರು ಇರುವುದನ್ನು ಆರಿಸಿ. ಗ್ಲೇಸಿಯರ್ ಬೇಯ ತುದಿಯಲ್ಲಿ ಮಾರ್ಜರಿ ಹಿಮನದಿಯ ಎದುರು ನಮ್ಮ ಹಡಗು ನಿಂತಾಗ ಇವರು ಬಾಲ್ಕನಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು, ನಾನು ಬಿಸಿನೀರಿನ ಲೋಟ ಹಿಡಿದಿದ್ದೆ. ಮನೆಯಷ್ಟು ದೊಡ್ಡ ಮಂಜಿನ ಗೋಡೆ ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಮೊದಲು ಕಂಡಿತು, ಗುಡುಗಿನಂಥ ಸದ್ದು ಆಮೇಲೆ ಬಂತು. ‘ಇನ್ನೊಂದು ಬೀಳುತ್ತದೆ ನೋಡು’ ಅಂದರು. ಒಂದು ಗಂಟೆ ಇಬ್ಬರೂ ಅಲ್ಲಿಂದ ಏಳಲಿಲ್ಲ.